ಎಸೆಯದೆ ಇಟ್ಟ ಟೇಪು

(ಬೆಂಗಳೂರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ, ಹಳೆ ರೆಕಾರ್ಡು ಕೇಳುವ ಗೆಳೆಯರ ಎದುರು ಆಡಿದ ಮಾತುಗಳಿವು. ನಡುವೆ ಹಾಕಿ ಕೇಳಿಸಿದ ತುಣುಕುಗಳನ್ನು ಆದಷ್ಟು ಮಾತಿನಲ್ಲೇ ಹೇಳಿದ್ದೇನೆ.)

ಈ ಕಡೆ ಸ್ಪೀಕರಿನ ವೈರು ಕಳಚಿಕೊಂಡಿದೆ ಅಂತ ಮುಂದಿನ ಸಾಲಿನವರು ಸನ್ನೆ ಮಾಡುತ್ತಿದ್ದೀರಿ. ಕಳಚಿಕೊಂಡಿಲ್ಲ, ನಾನೇ ಕಿತ್ತಿದ್ದೇನೆ. ಈಗ ನೀವು ಕೇಳಿದ್ದು ಇಂಗ್ಲೆಂಡಿನ ಬ್ಯಾಂಡು ಬೀಟಲ್ಸ್‌ನ ‘ಎ ಡೇ ಇನ್ ದ ಲೈಫ್’ ಹಾಡಿನ ಮೊದಲ ಚರಣ, 1967ರ ಸ್ಟೀರಿಯೋ ರೆಕಾರ್ಡಿನದು. ಗಿಟಾರು ಕೇಳಿಸಿತು. ಹಾಡುವವನೇ ನಾಪತ್ತೆ. ವೈರು ಮತ್ತೆ ಸಿಕ್ಕಿಸಿದರೆ ಜಾನ್ ಲೆನನ್ ಬರುತ್ತಾನೆ, ಆದರೆ ಆ ಮೂಲೆಯಲ್ಲಿ ನಿಂತುಕೊಂಡು ಹಾಡುತ್ತಾನೆ. ಹಾಡು ಮುಂದೆ ಹೋದ ಹಾಗೆ ಗೋಡೆ ಹಿಡಿದುಕೊಂಡು ನಡೆಯುವವನಂತೆ ಮೆಲ್ಲಗೆ ಈಚೆ ಬದಿಗೆ ಸರಿಯುತ್ತಾನೆ.

ಈ ಹಾಡಿರುವ ಆಲ್ಬಂ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’. ನಮ್ಮಲ್ಲಿ ಎಷ್ಟೋ ಜನ ಅದು ಅಂತ ಕೇಳುತ್ತ ಬಂದದ್ದು ಈ ಸ್ಟೀರಿಯೋವನ್ನೇ. ಕ್ಯಾಸೆಟ್ಟಿನಲ್ಲಿ ಇದೇ, ಸೀಡಿಯಲ್ಲೂ ಇದೇ. ಇದೇ ಮೂಲ ಅಂದುಕೊಂಡೆವು. 2017ರ ಮೇ 26ರಂದು ಇದರ ಐವತ್ತನೇ ವರ್ಷದ ಡಿಲಕ್ಸ್ ಪೆಟ್ಟಿಗೆ ಬಂದಾಗ ನನ್ನ ಗೆಳೆಯರೊಬ್ಬರು ಸಿಟ್ಟಾಗಿ ಫೋನ್ ಮಾಡಿದ್ದರು. “ಏನ್ರೀ ಇದು, ಮೂಲಾನೇ ಮುಟ್ಟಿಬಿಟ್ಟಿದ್ದಾರಲ್ಲ, ಬೇಲೂರಿನ ಶಿಲಾಬಾಲಿಕೆಗೆ ಪೇಂಟು ಬಳಿದ ಹಾಗಾಯ್ತು” ಅಂದರು. ಅವರಿಗೆ ಅವತ್ತು ಫೋನಿನಲ್ಲಿ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಇವತ್ತು ಅವರು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ.

ಮೊದಲು ಆ ‘ಮೂಲ’ ಅನ್ನುವುದರ ಕಥೆ. 1967ರಲ್ಲಿ ಇಂಗ್ಲೆಂಡಿನ ಸಾಮಾನ್ಯ ಮನೆಯಲ್ಲಿ ಇದ್ದದ್ದು ಒಂದೇ ಸ್ಪೀಕರಿನ ಪ್ಲೇಯರು. ರೇಡಿಯೋ ಕೂಡ ಹಾಗೇ. ಆದ್ದರಿಂದ ಲಂಡನ್ನಿನ ಅಬ್ಬಿ ರೋಡಿನ ಇಎಂಐ ರೆಕಾರ್ಡು ಕಂಪನಿಯ ಸ್ಟುಡಿಯೋದಲ್ಲಿ ಬ್ಯಾಂಡಿನವರು, ನಿರ್ಮಾಪಕ ಜಾರ್ಜ್ ಮಾರ್ಟಿನ್, ಎಂಜಿನಿಯರ್ ಜೆಫ್ ಎಮೆರಿಕ್ ಎಲ್ಲ ಸೇರಿ ವಾರಗಟ್ಟಲೆ ತಲೆ ಕೆಡಿಸಿಕೊಂಡು ಮಾಡಿದ ಮಿಕ್ಸು, ಅಂದರೆ ಎಲ್ಲ ದನಿಗಳನ್ನೂ ಹದವಾಗಿ ಕೂಡಿಸಿದ ಪ್ರತಿ, ಮೊನೊ, ಒಂದೇ ಸ್ಪೀಕರಿನದು. ಯಾವ ದನಿ ಎಷ್ಟು ಮುಂದೆ, ಎಲ್ಲಿ ಪ್ರತಿಧ್ವನಿ, ಯಾವ ಹಾಡು ಎಷ್ಟು ವೇಗ, ಎಲ್ಲಕ್ಕೂ ನಾಲ್ವರೂ ಕೂತು ಹೂಂ ಅಂದದ್ದು ಅದಕ್ಕೆ. ಸ್ಟೀರಿಯೋ ಮಿಕ್ಸನ್ನು ಆಮೇಲೆ, ಕೆಲವೇ ದಿನದಲ್ಲಿ, ಬ್ಯಾಂಡಿನವರಿಲ್ಲದೆ ಮುಗಿಸಿದರು. ನಮ್ಮ ಕಡೆ ಮದುವೆ ಊಟ ಮುಗಿದ ಮೇಲೆ ಪಾತ್ರೆಯವರಿಗೆ, ಬ್ಯಾಂಡ್‌ಸೆಟ್ಟಿನವರಿಗೆ ಕೊನೇ ಪಂಕ್ತಿ ಹಾಕುತ್ತಾರಲ್ಲ, ಹಾಗೆ. ಕಾಲ ಬದಲಾಯಿತು, ಮೊನೊ ಪ್ಲೇಯರುಗಳು ಅಟ್ಟ ಸೇರಿದವು, ಕೊನೇ ಪಂಕ್ತಿಯ ಊಟವೇ ಮದುವೆ ಊಟ ಅಂತ ಜಗತ್ತಿಗೆಲ್ಲ ಬಡಿಸುತ್ತ ಬಂದರು.

ಬರೀ ಮಾತಾಗುವುದು ಬೇಡ. ಈಗ ‘ಶೀ ಈಸ್ ಲೀವಿಂಗ್ ಹೋಮ್’ ಎರಡು ಸಲ ಹಾಕುತ್ತೇನೆ, ಮೊದಲು ಹಳೆ ಸ್ಟೀರಿಯೋ, ಆಮೇಲೆ ಮೊನೊ. ತಂಬೂರಿ ಶ್ರುತಿ ಮಾಡಿ ಅಭ್ಯಾಸ ಇರುವವರು ಕಿವಿ ಕೊಡಿ.

ಹೌದು, ಅಲ್ಲಿ ತಲೆ ಆಡಿಸುತ್ತಿದ್ದೀರಲ್ಲ, ಸರಿಯಾಗಿ ಹಿಡಿದಿರಿ. ಮೊನೊದಲ್ಲಿ ಶ್ರುತಿ ಸುಮಾರು ಅರ್ಧ ಮನೆ ಮೇಲಿದೆ, ಹಾಡು ಓಡುವುದೂ ಬೇಗ. ಮನೆ ಬಿಟ್ಟು ಹೊರಟ ಹುಡುಗಿಯ ಹಾಡು ಅದು. ಸ್ಟೀರಿಯೋದಲ್ಲಿ ಆಕೆ ಕಾಲೆಳೆದುಕೊಂಡು, ಅಳುತ್ತ ಹೋಗುತ್ತಾಳೆ. ಮೊನೊದಲ್ಲಿ ಮೆಟ್ಟಿಲಿಳಿದು ಸರಸರ ಹೊರಟುಬಿಡುತ್ತಾಳೆ. ಟೇಪಿನ ವೇಗ ಏರಿಸಿ ಹಾಗೆ ಮಾಡಿದ್ದು, ಬೇಕೆಂದೇ ಮಾಡಿದ್ದು. ಸ್ಟೀರಿಯೋ ಮಾಡುವಾಗ ಟೇಪು ತನ್ನ ಮಾಮೂಲಿ ವೇಗದಲ್ಲೇ ಓಡಿತು. ಅರ್ಧ ಶತಮಾನ ಲೋಕ ಕೇಳಿ ಕಣ್ಣೊರೆಸಿಕೊಂಡದ್ದು ಆ ವೇಗಕ್ಕೆ. 2017ರ ಹೊಸ ಸ್ಟೀರಿಯೋದಲ್ಲಿ ಆ ಹಾಡು ಮೊನೊ ವೇಗಕ್ಕೆ ವಾಪಸು ಬಂದಿದೆ. ಹಳೆಯದಕ್ಕೆ ಒಗ್ಗಿದ ಕಿವಿಗೆ ಇದು ಅವಸರ ಅನಿಸುತ್ತದೆ. ನನಗೂ ಅನಿಸಿತು, ಎರಡು ತಿಂಗಳು.

ಹಾಗಾದರೆ ಹೊಸ ಪೆಟ್ಟಿಗೆಯಲ್ಲಿ ಮಾಡಿದ್ದೇನು? ಎರಡು ಪದ ಇವೆ, ಅಂಗಡಿಯವರೂ ಕಲಸಿಬಿಡುತ್ತಾರೆ: ರಿಮಾಸ್ಟರ್, ರಿಮಿಕ್ಸ್. ಮಾಡಿಟ್ಟ ಹುಳಿ ಪಾತ್ರೆಯಲ್ಲಿದೆ, ಉಪ್ಪು ಕಡಿಮೆಯಾದರೆ ಒಂದು ಚಿಟಿಕೆ ಹಾಕಬಹುದು, ಮತ್ತೊಮ್ಮೆ ಬಿಸಿ ಮಾಡಬಹುದು, ಆದರೆ ಬದನೆಕಾಯಿ ಹೆಚ್ಚಾಯಿತು ಅಂತ ಅದರ ರುಚಿ ಹೊರಗೆ ತೆಗೆಯಲಾಗುವುದಿಲ್ಲ. ಅದು ರಿಮಾಸ್ಟರ್. 2009ರಲ್ಲಿ ಬೀಟಲ್ಸ್‌ನ ಎಲ್ಲ ಆಲ್ಬಂಗಳಿಗೂ ಆದದ್ದು ಅದು. ರಿಮಿಕ್ಸ್ ಅಂದರೆ ಬೆಂದ ಬೇಳೆ ಒಂದು ಕಡೆ, ಹೋಳು ಒಂದು ಕಡೆ, ರುಬ್ಬಿದ ಮಸಾಲೆ ಒಂದು ಕಡೆ ಇನ್ನೂ ಹಾಗೇ ಇವೆ, ಮತ್ತೊಮ್ಮೆ ಹುಳಿ ಕೂಡಿಸಿ ಅನ್ನುವುದು. 2017ರಲ್ಲಿ ಹಾಗೆ ಕೂಡಿಸಿದವರು ಜಾರ್ಜ್ ಮಾರ್ಟಿನ್ನರ ಮಗ ಜೈಲ್ಸ್ ಮಾರ್ಟಿನ್, ಅವರ ಜೊತೆ ಅಬ್ಬಿ ರೋಡಿನ ಎಂಜಿನಿಯರ್ ಸ್ಯಾಮ್ ಒಕೆಲ್. ತಂದೆ ಹಿಂದಿನ ವರ್ಷ, 2016ರ ಮಾರ್ಚಿನಲ್ಲಿ, ತೀರಿಕೊಂಡಿದ್ದರು.

ಈಗ ಸ್ವಲ್ಪ ನನ್ನ ಕಸುಬಿನ ವಿಷಯ. ಬೇಜಾರಾದರೆ ಹೇಳಿ.

ಸಾರ್ಜೆಂಟ್ ಪೆಪ್ಪರ್ ಮುದ್ರಿಸಿದ್ದು ಸ್ಟೂಡರ್ ಕಂಪನಿಯ ಜೆ37 ಅನ್ನುವ ಮಷೀನಿನಲ್ಲಿ. ಒಂದಂಗುಲ ಅಗಲದ ಟೇಪು, ಅದರ ಮೇಲೆ ನಾಲ್ಕು ಟ್ರ್ಯಾಕು, ಅಂದರೆ ಬೇರೆ ಬೇರೆಯಾಗಿ ದನಿ ತುಂಬಬಹುದಾದ ಪಟ್ಟಿ. ನಾಲ್ಕೇ. ಇವತ್ತು ನಿಮ್ಮ ಮಗನ ಲ್ಯಾಪ್‌ಟಾಪಿನಲ್ಲಿ ನೂರು ಟ್ರ್ಯಾಕು ತೆರೆಯಬಹುದು. ಅಲ್ಲಿ ನಾಲ್ಕು ಓಣಿ, ಮೆರವಣಿಗೆ ಮಾತ್ರ ದಸರೆಯದು. ಹೇಗೆ ಹಿಡಿಸುವುದು? ಮೊದಲ ಟೇಪಿನಲ್ಲಿ ಡ್ರಮ್ಮು, ಬೇಸು, ಪಿಯಾನೊ, ಗಿಟಾರು ತುಂಬಿಸುತ್ತಾರೆ. ಓಣಿ ಮುಗಿಯಿತು. ಆಗ ಪಕ್ಕದಲ್ಲಿ ಇನ್ನೊಂದು ಮಷೀನು ಇಟ್ಟು, ಈ ನಾಲ್ಕನ್ನೂ ಸೇರಿಸಿ ಅದರ ಒಂದು ಟ್ರ್ಯಾಕಿಗೆ ಇಳಿಸುತ್ತಾರೆ. ಮೂರು ಓಣಿ ಖಾಲಿ ಸಿಕ್ಕಿತು. ಅದರಲ್ಲಿ ಹಾಡು, ತುತ್ತೂರಿ, ಇನ್ನೊಂದು ಗಿಟಾರು. ತುಂಬಿದರೆ ಮತ್ತೆ ಇಳಿಸುವುದು. ಸ್ಟುಡಿಯೋದಲ್ಲಿ ಇದಕ್ಕೆ ಬೌನ್ಸ್ ಮಾಡುವುದು ಅನ್ನುತ್ತೇವೆ.

ಕಷ್ಟ ಎಲ್ಲಿ ಅಂದರೆ, ಒಮ್ಮೆ ಇಳಿಸಿದ ಮೇಲೆ ಡ್ರಮ್ಮನ್ನು ಮಾತ್ರ ಸ್ವಲ್ಪ ಏರಿಸುತ್ತೇನೆ ಅಂದರೆ ಆಗದು, ಗಿಟಾರೂ ಜೊತೆಗೇ ಏರುತ್ತದೆ. ಹಿಟ್ಟು ಕಲಸಿಯಾಯಿತು. ಮೇಲಿಂದ ಪ್ರತಿ ಸಲ ಇಳಿಸಿದಾಗಲೂ ಟೇಪಿನ ‘ಸ್’ ಅನ್ನುವ ಸದ್ದು ಕೂಡಿಕೊಳ್ಳುತ್ತದೆ, ಅಂಚು ಮಂಕಾಗುತ್ತದೆ. ತಾಲೂಕು ಕಚೇರಿಗೆ ಝೆರಾಕ್ಸಿನ ಝೆರಾಕ್ಸ್ ಕೊಟ್ಟವರಿಗೆ ಗೊತ್ತಿರುತ್ತದೆ, ಮೂರನೇ ತಲೆಮಾರಿನಲ್ಲಿ ನಿಮ್ಮ ಮುಖ ಯಾರ ಮುಖವೂ ಆಗಬಹುದು. ರಿಂಗೋ ಸ್ಟಾರ್‌ನ ಡ್ರಮ್ಮು ನಾವು ಕೇಳಿದ ರೆಕಾರ್ಡಿನಲ್ಲಿ ಹಲವು ಕಡೆ ಅಂಥ ಮೊಮ್ಮಗ ಪ್ರತಿ.

ಆದರೆ ಅಬ್ಬಿ ರೋಡಿನವರು ಇಳಿಸಿದ ಮೇಲೆ ಹಳೆ ಟೇಪನ್ನು ಎಸೆಯಲಿಲ್ಲ. ಡಬ್ಬಿಗೆ ಹಾಕಿ, ಮೇಲೆ ತಾರೀಕು ಬರೆದು, ಕಪಾಟಿನಲ್ಲಿ ಇಟ್ಟರು. ಅಜ್ಜಿಯೂ ಇದೆ, ಮಗಳೂ ಇದೆ, ಮೊಮ್ಮಗಳೂ ಇದೆ. 2017ರಲ್ಲಿ ಜೈಲ್ಸ್ ಮಾರ್ಟಿನ್ ಮಾಡಿದ್ದು, ಮೊಮ್ಮಗಳನ್ನು ಬಿಟ್ಟು ಅಜ್ಜಿಯ ಹತ್ತಿರ ಹೋದದ್ದು. ಮೊದಲ ತಲೆಮಾರಿನ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿ, ಒಂದರ ಪಕ್ಕ ಒಂದು ಸಾಲು ಹಿಡಿಸಿ, ತಾಳ ಕೂಡಿಸಿದರು. 1967ರಲ್ಲಿ ನಾಲ್ಕೇ ಓಣಿಯಿದ್ದ ಊರಿಗೆ ಬೀದಿಗಳೇ ಸಿಕ್ಕವು. ಡ್ರಮ್ಮಿಗೆ ಬೇರೆ ಜಾಗ, ಬೇಸಿಗೆ ಬೇರೆ ಜಾಗ, ಲೆನನ್ ಮೂಲೆ ಬಿಟ್ಟು ನಡುಮನೆಗೆ ಬಂದ. ಆದರೆ ಯಾವ ದನಿ ಎಷ್ಟು, ಹಾಡು ಯಾವ ವೇಗ ಅನ್ನುವುದಕ್ಕೆ ಅವರು ಕೈಪಿಡಿಯಾಗಿ ಇಟ್ಟುಕೊಂಡದ್ದು ಆ ಹಳೆಯ ಮೊನೊ ಮಿಕ್ಸನ್ನು.

ಬೇಲೂರಿನ ಮಾತಾಡಿದ ಗೆಳೆಯರೇ, ಇದು ಪೇಂಟು ಬಳಿದದ್ದಲ್ಲ. ಮೇಲೆ ಯಾರೋ ಆತುರದಲ್ಲಿ ಬಳಿದಿದ್ದ ಸುಣ್ಣ ಕೆರೆದದ್ದು. (ಅವರು ಕೂತಲ್ಲಿಂದಲೇ “ಕೆರೆಯುವಾಗ ಮೂಗೂ ಹೋಗಬಹುದು” ಅಂದರು. ಹಾಲಿನಲ್ಲಿ ನಗು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ: ಹೊಸ ಮಿಕ್ಸಿನಲ್ಲಿ ಬೇಸೂ ಡ್ರಮ್ಮೂ ಈ ಕಾಲದ ಕಿವಿಗೆ ತಕ್ಕ ಹಾಗೆ ಉಬ್ಬಿವೆ. ಶೀರ್ಷಿಕೆ ಹಾಡಿನಲ್ಲಿ ಅದು ಚೆನ್ನ. ‘ವೆನ್ ಐ ಆ್ಯಮ್ ಸಿಕ್ಸ್ಟಿಫೋರ್’ನಂಥ ತೆಳು ಹಾಡಿಗೆ ಅಷ್ಟು ಮೈ ಬೇಕಿರಲಿಲ್ಲ.)

ಟೇಪು ಎಸೆಯಲಿಲ್ಲ ಅಂದೆನಲ್ಲ, ಅದು ಯಾಕೆ ನನಗೆ ಇಷ್ಟು ದೊಡ್ಡದು ಅಂತ ಹೇಳಬೇಕು. ನಾನು ಇಪ್ಪತ್ತು ವರ್ಷ ಮಿಕ್ಸಿಂಗ್ ಡೆಸ್ಕಿನ ಹಿಂದೆ ಕೂತವನು. ಶುರುವಿನಲ್ಲಿ ಇದ್ದದ್ದು ಒಂದು ಸಣ್ಣ ಸ್ಟುಡಿಯೋ. ಹೆಸರು ಬೇಡ, ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟು ಇದೆ. ಸ್ಪೂಲು ದುಬಾರಿ. ಕ್ಯಾಸೆಟ್ಟಿಗೆ ಮಾಸ್ಟರ್ ಹೋದ ಮೇಲೆ ಮಲ್ಟಿಟ್ರ್ಯಾಕ್ ಟೇಪು ಇಟ್ಟುಕೊಂಡು ಏನು ಮಾಡುವುದು ಅಂತ ಯಜಮಾನರು ಕೇಳುತ್ತಿದ್ದರು, ನಮಗೂ ಉತ್ತರ ಗೊತ್ತಿರಲಿಲ್ಲ. ಒಂದು ವಾರ ಭಾವಗೀತೆ ಮುದ್ರಿಸಿದ ಟೇಪಿನ ಮೇಲೆ ಮುಂದಿನ ವಾರ ಭಕ್ತಿಗೀತೆ. ಒಮ್ಮೆ ಒಬ್ಬ ಹಿರಿಯ ಗಾಯಕಿ ಬಂದಿದ್ದರು, ಮೊದಲ ಟೇಕಿನಲ್ಲಿ ಚರಣದ ನಡುವೆ ಸಾಲು ಮರೆತು ನಕ್ಕುಬಿಟ್ಟು, ಆ ನಗುವಿನಲ್ಲೇ ಮುಂದಿನ ಸಾಲು ಎತ್ತಿಕೊಂಡರು. ಅಷ್ಟು ಚೆನ್ನಾಗಿ ಆ ಸಾಲನ್ನು ಅವರು ಆಮೇಲೆ ಹಾಡಲಿಲ್ಲ. ಮೂರನೇ ಟೇಕು ಸರಿಯಾಗಿತ್ತು, ಅದೇ ಕ್ಯಾಸೆಟ್ಟಿಗೆ ಹೋಯಿತು. ಆ ಟೇಪಿಗೆ ಎರೇಸ್ ಬಟನ್ ಒತ್ತಿದವನು ನಾನೇ. ಸಂಜೆ ಐದು ಗಂಟೆಗೆ ಗಣಪತಿ ಹಾಡಿನ ತಂಡ ಬಂದು ಬಾಗಿಲಲ್ಲಿ ನಿಂತಿತ್ತು.

ದೊಡ್ಡವರೂ ಕಳೆದುಕೊಂಡಿದ್ದಾರೆ ಬಿಡಿ. 2008ರ ಜೂನ್ 1ರಂದು ಹಾಲಿವುಡ್ಡಿನಲ್ಲಿ ಯೂನಿವರ್ಸಲ್ ಸ್ಟುಡಿಯೋಸ್ ಆವರಣಕ್ಕೆ ಬೆಂಕಿ ಬಿದ್ದು ಒಂದು ಉಗ್ರಾಣದ ತುಂಬ ಇದ್ದ ಮೂಲ ಟೇಪುಗಳು ಸುಟ್ಟವು. ಏನೇನು ಹೋಯಿತು ಅನ್ನುವುದು ಹೊರಗೆ ಗೊತ್ತಾಗಲು ಹನ್ನೊಂದು ವರ್ಷ ಬೇಕಾಯಿತು, ಲೆಕ್ಕದ ಬಗ್ಗೆ ಜಗಳ ಆಮೇಲೂ ನಿಲ್ಲಲಿಲ್ಲ.

ಪೆಟ್ಟಿಗೆ ತೋರಿಸಿ ಅಂತ ಕೇಳಿದಿರಿ. ಇದೇ. ಒಂದು ಮೂಲೆ ಜಜ್ಜಿದೆ ನೋಡಿ, ಕೊರಿಯರ್ ಪ್ರಸಾದ. ಒಳಗೆ ನಾಲ್ಕು ಸೀಡಿ, ಒಂದು ಡೀವಿಡಿ, ಒಂದು ಬ್ಲೂ-ರೇ, 144 ಪುಟದ ಗಟ್ಟಿ ರಟ್ಟಿನ ಪುಸ್ತಕ, ಎರಡು ಪೋಸ್ಟರು, ಮೇಲ್ಮುಚ್ಚಳದಲ್ಲಿ ಅಲ್ಲಾಡಿಸಿದರೆ ಅಲುಗುವ ಚಿತ್ರ. ಮತ್ತೆ ಈ ರಟ್ಟಿನ ಹಾಳೆ: ಕತ್ತರಿಸಿ ಅಂಟಿಸಿಕೊಳ್ಳಲು ಮೀಸೆ, ತೋಳಿಗೆ ಸಾರ್ಜೆಂಟಿನ ಪಟ್ಟಿ. 1967ರ ರೆಕಾರ್ಡಿನ ಜೊತೆ ಬಂದಿತ್ತಲ್ಲ, ಅದರ ನಕಲು. ಆಗ ಹತ್ತು ವರ್ಷದ ಹುಡುಗ ನಿಜಕ್ಕೂ ಕತ್ತರಿ ತಗೊಂಡು ಮೀಸೆ ಅಂಟಿಸಿಕೊಂಡಿರುತ್ತಾನೆ. ಅರವತ್ತು ದಾಟಿದ ಅದೇ ಹುಡುಗ ಈಗ ಇದನ್ನು ಪ್ಲಾಸ್ಟಿಕ್ ಬಿಚ್ಚದೆ ಬೀರುವಿನಲ್ಲಿ ಇಡುತ್ತಾನೆ. ನನ್ನ ಮನೆಯಲ್ಲಿ ಈ ಪೆಟ್ಟಿಗೆಯ ಬೆಲೆ ಕೇಳಿ ಒಂದು ಮಾತು ಬಂತು, “ಈ ಹಾಡುಗಳು ಮನೇಲಿ ಮೂರು ಸಲ ಇವೆಯಲ್ಲ?” ಅಂತ. ನಾಲ್ಕು ಸಲ ಇದ್ದವು. ಒಂದನ್ನು ಅವರು ನೋಡಿರಲಿಲ್ಲ.

ಇಂಥ ಪೆಟ್ಟಿಗೆಗಳು ಐವತ್ತನೇ ವರ್ಷಕ್ಕೇ ಯಾಕೆ ಹೀಗೆ ಸಾಲುಗಟ್ಟಿ ಬರುತ್ತವೆ? ಹುಟ್ಟುಹಬ್ಬದ ಪ್ರೀತಿ ಇರಬಹುದು. ವ್ಯಾಪಾರವಂತೂ ಹೌದು, ಬ್ರಿಟನ್ನಿನಲ್ಲಿ ಈ ಆಲ್ಬಂ 2017ರ ಜೂನಿನಲ್ಲಿ ಮತ್ತೆ ಮೊದಲ ಸ್ಥಾನಕ್ಕೇರಿತು. ಇನ್ನೊಂದು ಕಾರಣ ಕಾನೂನಿನ ಪುಸ್ತಕದಲ್ಲಿದೆ. 2011ರಲ್ಲಿ ಐರೋಪ್ಯ ಒಕ್ಕೂಟ ಧ್ವನಿಮುದ್ರಣದ ಹಕ್ಕನ್ನು 50 ವರ್ಷದಿಂದ 70ಕ್ಕೆ ಏರಿಸಿತು. ಒಂದು ಷರತ್ತು: ಮುದ್ರಿಸಿ ಐವತ್ತು ವರ್ಷ ಕಳೆದರೂ ಹೊರಗೆ ಬಿಡದ ಸಾಮಾನಿಗೆ ಆ ಹೆಚ್ಚಿನ ಇಪ್ಪತ್ತು ವರ್ಷ ಸಿಗುವುದಿಲ್ಲ. ಬಳಸು, ಇಲ್ಲವೇ ಬಿಟ್ಟುಕೊಡು. 2012ರ ಕೊನೆಯಲ್ಲಿ ಅಮೆರಿಕದ ಹಾಡುಗಾರ ಬಾಬ್ ಡಿಲನ್‌ನ ಹಳೆಯ ಮುದ್ರಣಗಳು ಯುರೋಪಿನಲ್ಲಿ ಸುಮಾರು ನೂರೇ ಪ್ರತಿ ಬಂದು ಮಾಯವಾದವು. 2013ರ ಡಿಸೆಂಬರಿನಲ್ಲಿ ಬೀಟಲ್ಸ್‌ನ 1963ರ 59 ತುಣುಕು ಸದ್ದಿಲ್ಲದೆ ಐಟ್ಯೂನ್ಸಿಗೆ ಬಂದವು. ಗಡುವು ಮುಗಿಯುವ ಮೊದಲು ಕಂದಾಯ ಕಟ್ಟಿ ರಸೀದಿ ಪಡೆದ ಹಾಗೆ. 1967ರಲ್ಲಿ ಮುದ್ರಿಸಿ ಬಿಡದೇ ಇಟ್ಟಿದ್ದಕ್ಕೆ ಗಡುವು 2017ರ ಕೊನೆ. ಪೆಟ್ಟಿಗೆ ಬಂದದ್ದು ಅದೇ ವರ್ಷ. ವಕೀಲರಿಗಾಗಿಯೇ ಮಾಡಿದ ಪೆಟ್ಟಿಗೆ ಅನ್ನುವಷ್ಟು ಸಿನಿಕ ನಾನಲ್ಲ, ಆದರೆ ವಕೀಲರು ಕೂತ ಕೋಣೆ ಅಲ್ಲೇ ಪಕ್ಕದಲ್ಲಿತ್ತು. ನಮ್ಮ ದೇಶದಲ್ಲಿ ಧ್ವನಿಮುದ್ರಣಕ್ಕೆ ಹಕ್ಕು 60 ವರ್ಷ.

ಆ ವಕೀಲರಿಗೆ ನಾನಂತೂ ಕೈಮುಗಿಯುತ್ತೇನೆ, ಯಾಕೆಂದರೆ ಎರಡನೇ ಸೀಡಿ, ಮೂರನೇ ಸೀಡಿ. ಇಲ್ಲಿ ಇರುವುದು ಮುಗಿಯದ ಹಾಡುಗಳು. ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಇದೆ, 1966ರ ನವೆಂಬರ್ 24ರಂದು ಶುರು ಮಾಡಿದ್ದು. ಮರುವರ್ಷದ ಫೆಬ್ರವರಿಯಲ್ಲಿ ಅದು ಬಿಡಿ ರೆಕಾರ್ಡಾಗಿ ಬಂದುಬಿಟ್ಟದ್ದರಿಂದ ಆಲ್ಬಮ್ಮಿಗೆ ಸೇರಲಿಲ್ಲ. ಅದರ ಮೊದಲ ಟೇಕು, ನಾಲ್ಕನೆಯದು, ಏಳನೆಯದು, ಇಪ್ಪತ್ತಾರನೆಯದು ಇಲ್ಲಿವೆ. ಲೆನನ್‌ಗೆ ಏಳರ ಮೊದಲ ಭಾಗ ಇಷ್ಟ, ಇಪ್ಪತ್ತಾರರ ಉಳಿದ ಭಾಗ ಇಷ್ಟ, ಎರಡನ್ನೂ ಸೇರಿಸಿ ಅಂದ. ಶ್ರುತಿ ಬೇರೆ, ಕಾಲ ಬೇರೆ. ನಮ್ಮಲ್ಲಾದರೆ ಒಬ್ಬ ವಿದ್ವಾಂಸರ ಪಲ್ಲವಿಗೆ ಬೇರೆ ಕಛೇರಿಯ ಅನುಪಲ್ಲವಿ ಅಂಟಿಸಿ ಅಂದ ಹಾಗೆ. ಮಾರ್ಟಿನ್, ಎಮೆರಿಕ್ ಟೇಪಿನ ವೇಗ ಹೆಚ್ಚುಕಡಿಮೆ ಮಾಡಿ ನೋಡಿದರು. ಪುಣ್ಯಕ್ಕೆ ವೇಗ ಕೂಡುವ ಜಾಗದಲ್ಲೇ ಶ್ರುತಿಯೂ ಕೂಡಿತು. ಹಾಡು ಶುರುವಾಗಿ ಒಂದು ನಿಮಿಷದ ಹತ್ತಿರ ಆ ಬೆಸುಗೆ ಇದೆ. ಹಾಕುತ್ತೇನೆ. ಮೊದಲು ಟೇಕು ಏಳು. ಈಗ ಇಪ್ಪತ್ತಾರು, ಕುದುರೆ ಬಿಟ್ಟ ಹಾಗೆ ಓಡುತ್ತದೆ. ಈಗ ಬಿಡುಗಡೆಯಾದ ಹಾಡು. ಮೂರನ್ನೂ ಕೇಳಿದ ಮೇಲೆ ಆ ಬೆಸುಗೆ ನಿಮ್ಮ ಕಿವಿಯಿಂದ ಇನ್ನು ಹೋಗುವುದಿಲ್ಲ, ಅದಕ್ಕೆ ಕ್ಷಮೆ ಇರಲಿ.

ನನಗೆ ಇಡೀ ಪೆಟ್ಟಿಗೆಯಲ್ಲಿ ಜೀವಕ್ಕೆ ಹತ್ತಿರವಾದದ್ದು ಮಾತ್ರ ಬೇರೆ. ಬ್ಯಾಂಡಿನ ಗಿಟಾರುಗಾರ ಜಾರ್ಜ್ ಹ್ಯಾರಿಸನ್‌ನ ‘ವಿದಿನ್ ಯೂ ವಿದೌಟ್ ಯೂ’. ಆಲ್ಬಮ್ಮಿನ ಎರಡನೇ ಮಗ್ಗುಲಿನ ಮೊದಲ ಹಾಡು. ರಾಕ್ ಕೇಳಲು ಕೂತವರು ಸೂಜಿ ಎತ್ತಿ ಮುಂದಕ್ಕೆ ಹಾಕುತ್ತಿದ್ದ ಹಾಡು ಅದೇ. ನಾನೂ ಹಾಕಿದ್ದೇನೆ, ಹದಿನೆಂಟರಲ್ಲಿ. ಮನೆಯಲ್ಲೇ ತಂಬೂರಿ ಕೇಳುತ್ತಿರುವಾಗ ಇಂಗ್ಲೆಂಡಿನವರ ತಂಬೂರಿ ಯಾಕೆ ಅಂತ ಅಹಂಕಾರ.

1966ರ ಸೆಪ್ಟೆಂಬರಿನಲ್ಲಿ ಹ್ಯಾರಿಸನ್ ಬೊಂಬಾಯಿಗೆ ಬಂದು ರವಿಶಂಕರರ ಹತ್ತಿರ ಸಿತಾರ್ ಕಲಿತ. ಮರಳಿ ಹೋಗಿ ಲಂಡನ್ನಿನ ಒಬ್ಬ ಗೆಳೆಯನ ಮನೆಯ ಹಾರ್ಮೋನಿಯಂ ಮೇಲೆ ಈ ಹಾಡು ಕಟ್ಟಿದ. 1967ರ ಮಾರ್ಚ್ 15ರಂದು ಮುದ್ರಿಸಲು ಬಂದವರು ಲಂಡನ್ನಿನಲ್ಲೇ ಇದ್ದ ಭಾರತೀಯ ವಾದಕರು: ಕಮಾನು ಹಾಕಿ ನುಡಿಸುವ ದಿಲ್‌ರುಬಾಕ್ಕೆ ಅಣ್ಣಾ ಜೋಶಿ, ಅಮೃತ್ ಗಜ್ಜರ್, ತಬಲಾಕ್ಕೆ ನಟವರ್ ಸೋನಿ, ತಂಬೂರಿಗೆ ಬುದ್ಧದೇವ್ ಕನ್ಸಾರಾ. 1967ರ ಕವರು ಹುಡುಕಿ ನೋಡಿ, ಈ ಹೆಸರುಗಳಿಲ್ಲ. ಬೀಟಲ್ಸ್‌ನ ಉಳಿದ ಮೂವರೂ ಈ ಹಾಡಿನಲ್ಲಿಲ್ಲ.

ಈಗ ಇದನ್ನು ಕೇಳಿ. ಹಾಡಲ್ಲ, ಹ್ಯಾರಿಸನ್ ವಾದಕರಿಗೆ ಹಾಡು ಹೇಳಿಕೊಡುತ್ತಿರುವ ಟೇಪು. ಇಪ್ಪತ್ತನಾಲ್ಕು ವರ್ಷದ ಹುಡುಗ, ಲಿವರ್‌ಪೂಲಿನ ಉಚ್ಚಾರ. ತನಗಿಂತ ಎಷ್ಟೋ ಚೆನ್ನಾಗಿ ಈ ಸಂಗೀತ ಬಲ್ಲವರ ಎದುರು ಕೂತು, ಹೀಗೆ ಬರಬೇಕು ಅಂತ ತಾನೇ ಸ್ವರ ಹಾಡಿ ತೋರಿಸುತ್ತಾನೆ. ಜಗತ್ತಿನ ಅತಿ ದೊಡ್ಡ ಬ್ಯಾಂಡಿನವನು ಅನ್ನುವ ಠೀವಿ ಆ ದನಿಯಲ್ಲಿ ಇಲ್ಲ. ಬಾಯಿಪಾಠ, ನಮ್ಮ ಪಾಠದ ಕ್ರಮವೇ. ಕಾಗದ ಇಲ್ಲ. ನಾನು ಇದನ್ನು ಮೊದಲ ಸಲ ಕೇಳಿದಾಗ ಕೈಯಲ್ಲಿದ್ದ ಕಾಫಿ ಆರಿಹೋಯಿತು.

ಕಾಗದ ಬೇಕಾದದ್ದು ಆಮೇಲೆ, ಏಪ್ರಿಲ್ 3ರಂದು, ಎಂಟು ವಯಲಿನ್, ಮೂರು ಚೆಲ್ಲೋ ಬಂದಾಗ. ಅವರು ಬರೆದದ್ದನ್ನೇ ನುಡಿಸುವವರು. ದಿಲ್‌ರುಬಾ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತದೆ. ಕರ್ನಾಟಕ ಸಂಗೀತದಲ್ಲಿ ನಾವು ಜಾರು ಅಂತಲೇ ಕರೆಯುವ ಗಮಕ ಅದು. ಆ ಜಾರುಗಳನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಹಿಡಿದು ಬರೆದುಕೊಟ್ಟವರು ಜಾರ್ಜ್ ಮಾರ್ಟಿನ್. ಪೆಟ್ಟಿಗೆಯಲ್ಲಿ ಬರೀ ಭಾರತೀಯ ವಾದ್ಯಗಳ ಮೊದಲ ಟೇಕು ಬೇರೆಯಾಗಿ ಇದೆ. ಅದನ್ನು ಕೇಳಿ, ಆಮೇಲೆ ಹಾಡನ್ನು ಕೇಳಿದರೆ ವಯಲಿನ್ನಿನವರು ದಿಲ್‌ರುಬಾದ ಹಿಂದೆ ಹಿಂದೆ ಹೆಜ್ಜೆ ಹಾಕುವುದು ಗೊತ್ತಾಗುತ್ತದೆ.

ರಾಗ ಯಾವುದು ಅಂತ ಹಿಂದಿನಿಂದ ಪ್ರಶ್ನೆ ಬಂತು. ಹಿಂದೂಸ್ತಾನಿಯವರು ಖಮಾಜ್ ಥಾಟ್ ಅನ್ನುತ್ತಾರೆ. ಸ್ವರಸ್ಥಾನ ನಮ್ಮ ಹರಿಕಾಂಭೋಜಿಯದು, 28ನೇ ಮೇಳ. ಹರಿಕಾಂಭೋಜಿ ಹಾಡಿದ್ದಾರೆ ಅಂತ ನಾನು ಹೇಳುತ್ತಿಲ್ಲ, ಯಾರೂ ಹೊಡೆಯಲು ಬರಬೇಡಿ. ಹಾಡು ಹದಿನಾರರ ತೀನ್‌ತಾಲದಲ್ಲಿ ನಡೆದು, ನಡುವಿನ ವಾದ್ಯದ ಭಾಗದಲ್ಲಿ ಐದರ ನಡೆಗೆ ತಿರುಗುತ್ತದೆ, ಕೈಯಲ್ಲಿ ಖಂಡಚಾಪು ಹಾಕಿ ನೋಡಿ ಕೂರುತ್ತದೆ. ಅಲ್ಲಿ ದಿಲ್‌ರುಬಾಕ್ಕೂ ವಯಲಿನ್ನಿಗೂ ಸವಾಲು ಜವಾಬು. ಕೊನೆಯಲ್ಲಿ ಒಂದಿಷ್ಟು ಜನ ನಗುತ್ತಾರೆ. ಇಷ್ಟು ಹೊತ್ತು ವೇದಾಂತ ಹೇಳಿದೆನಲ್ಲ, ಸಾಕು, ಈಗ ಹಗುರಾಗಿ ಅಂತ ಹ್ಯಾರಿಸನ್ನೇ ಹಾಕಿಸಿದ ನಗು.

ಕವರಿನ ಬಗ್ಗೆ ಹೇಳದೆ ಬಿಟ್ಟರೆ ನೀವು ಬಿಡುವುದಿಲ್ಲ. ಕಲಾವಿದರಾದ ಪೀಟರ್ ಬ್ಲೇಕ್, ಜ್ಯಾನ್ ಹಾವರ್ತ್ ದಂಪತಿ ಬ್ಯಾಂಡಿನವರ ಹಿಂದೆ ಹೆಸರಾಂತರ ಚಿತ್ರಗಳನ್ನು ನಿಲ್ಲಿಸಿ ಕಟ್ಟಿದ ಆ ಜನಜಂಗುಳಿಯಲ್ಲಿ ಹ್ಯಾರಿಸನ್ ಕೇಳಿಕೊಂಡದ್ದಕ್ಕೆ ನಾಲ್ವರು ಯೋಗಿಗಳಿದ್ದಾರೆ: ಬಾಬಾಜಿ, ಲಾಹಿರಿ ಮಹಾಶಯ, ಯುಕ್ತೇಶ್ವರ ಗಿರಿ, ಪರಮಹಂಸ ಯೋಗಾನಂದ. ಯೋಗಾನಂದರು 1935ರಲ್ಲಿ ಮೈಸೂರು ಸಂಸ್ಥಾನದ ಅತಿಥಿಯಾಗಿ ಬಂದುಹೋದವರು, ಹಾಗಾಗಿ ಕವರಿನ ಮೇಲೆ ನಮ್ಮ ಊರು ನೋಡಿದ ಒಂದು ಮುಖ ಇದೆ. ಗಾಂಧೀಜಿಯ ಚಿತ್ರವೂ ಇತ್ತು. ಇಎಂಐ ಅಧ್ಯಕ್ಷ ಸರ್ ಜೋಸೆಫ್ ಲಾಕ್‌ವುಡ್ ಹೌಹಾರಿದರು. ಇಂಡಿಯಾದಲ್ಲಿ ಇದು ಅವಮಾನ ಅಂತಾಗುತ್ತದೆ, ತೆಗೆಯಿರಿ ಅಂದರು. ಕಲ್ಕತ್ತೆಯ ಡಂಡಂನಲ್ಲಿ ಅವರ ಕಂಪನಿಯ ದೊಡ್ಡ ಕಾರ್ಖಾನೆಯಿತ್ತು, ವ್ಯಾಪಾರದ ಪ್ರಶ್ನೆ. ಗಾಂಧೀಜಿ ಕವರಿನಿಂದ ಅಳಿಸಿಹೋದರು. ಆ ದಿನ ತೆಗೆದ ಬೇರೆ ಫೋಟೋಗಳಲ್ಲಿ ಇನ್ನೂ ಇದ್ದಾರೆ. ನೋಡಿ, ಅಲ್ಲೂ ನೆಗೆಟಿವ್ ಯಾರೋ ಎಸೆಯದೆ ಇಟ್ಟಿದ್ದರು.

ಹೊತ್ತಾಯಿತು ಅಂತ ಸಂಘಟಕರು ಗಡಿಯಾರ ತೋರಿಸುತ್ತಿದ್ದಾರೆ. ಇನ್ನೊಂದೇ.

ಶುರುವಿನಲ್ಲಿ ವೈರು ಕಿತ್ತು ಕೇಳಿಸಿದ ಹಾಡಿಗೇ ವಾಪಸು. ‘ಎ ಡೇ ಇನ್ ದ ಲೈಫ್’ ಕೊನೆಯಲ್ಲಿ ಒಂದೇ ಒಂದು ಪಿಯಾನೊ ನಾದ ಬಿದ್ದು, ನಲವತ್ತು ಸೆಕೆಂಡಿಗೂ ಹೆಚ್ಚು ಹೊತ್ತು ಕರಗುತ್ತದಲ್ಲ, ಅದು ಮೊದಲು ಹಾಗಿರಲಿಲ್ಲ. 1967ರ ಫೆಬ್ರವರಿ 10ರ ರಾತ್ರಿ ನಲವತ್ತು ಮಂದಿ ವಾದ್ಯಗಾರರನ್ನು ಕರೆಸಿ, ನಿಮ್ಮ ವಾದ್ಯದ ಅತಿ ಕೆಳಗಿನ ಸ್ವರದಿಂದ ಹತ್ತಿ 24 ಎಣಿಕೆಯ ಹೊತ್ತಿಗೆ ಮೇಲೆ ತಲುಪಿ, ಪಕ್ಕದವರನ್ನು ಕೇಳಿಸಿಕೊಳ್ಳಬೇಡಿ ಅಂದಿದ್ದರು. ಜೀವಮಾನವಿಡೀ ಪಕ್ಕದವರ ಜೊತೆ ಕೂಡುವುದನ್ನೇ ಕಲಿತವರಿಗೆ! ಅದು ಮುಗಿದ ಮೇಲೆ ಬ್ಯಾಂಡಿನವರು, ಬಂದ ಗೆಳೆಯರು ಮೈಕಿನ ಸುತ್ತ ನಿಂತು ಕೊನೇ ನಾದವನ್ನು ಬಾಯಲ್ಲಿ ‘ಹ್ಞೂಂ’ ಅಂತ ಹಿಡಿಯಲು ನೋಡಿದರು. ಆ ಟೇಪು ಪೆಟ್ಟಿಗೆಯಲ್ಲಿದೆ. ಕೇಳಿ. ಭಜನೆ ಮುಗಿದ ಮೇಲೆ ಹುಡುಗರು ಓಂಕಾರ ಹೇಳಲು ಹೋಗಿ ಒಬ್ಬ ಕಿಸಕ್ಕಂದರೆ ಎಲ್ಲರಿಗೂ ನಗು ಬರುತ್ತದಲ್ಲ, ಥೇಟ್ ಹಾಗೇ.

ಉಸಿರು ಸಾಲಲಿಲ್ಲ. ಫೆಬ್ರವರಿ 22ಕ್ಕೆ ಮೂರು ಪಿಯಾನೊ ತರಿಸಿ ಲೆನನ್, ಮೆಕಾರ್ಟ್ನಿ, ರಿಂಗೋ, ಅವರ ಸಹಾಯಕ ಮಾಲ್ ಇವಾನ್ಸ್ ಒಟ್ಟಿಗೆ ಒತ್ತಿದರು. ಒಂಬತ್ತು ಟೇಕು. ನಾದ ಸಾಯುತ್ತ ಹೋದ ಹಾಗೆ ಎಮೆರಿಕ್ ದನಿ ಏರಿಸುವ ಫೇಡರುಗಳನ್ನು ಮೆಲ್ಲನೆ ಮೇಲಕ್ಕೆ ತಳ್ಳುತ್ತ ಹೋದರು, ಕೊನೆಗೆ ಸ್ಟುಡಿಯೋದ ಗಾಳಿಯೇ ಕೇಳಿಸುವಷ್ಟು. ಆಗ ಯಾರೋ ಕೂತ ಕುರ್ಚಿ ಕಿರ್ರ್ ಅಂತು. ಅದೂ ರೆಕಾರ್ಡಿನಲ್ಲಿ ಉಳಿಯಿತು.

ಫ್ಯಾನು ಆಫ್ ಮಾಡಿ, ಫೋನು ಒಳಗಿಡಿ. ಕುರ್ಚಿ ಕೇಳಿಸಿದವರು ಕೈ ಎತ್ತಿ.

(ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೇ ಸಲ ಹಾಕಿದಾಗ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಥಟ್ಟನೆ ಕೈ ಎತ್ತಿದಳು. ಅವಳ ಪಕ್ಕದ ಹಿರಿಯರು ನಾಚಿಕೊಂಡು, “ಇಲ್ಲಮ್ಮ, ಅದು ನನ್ನ ಕುರ್ಚಿ” ಅಂದರು. ಮೂರನೇ ಸಲ ಹಾಕಿದೆವು. ಆ ಹಿರಿಯರು ಈ ಸಲ ಎದ್ದು ಗೋಡೆಗೆ ಒರಗಿ ನಿಂತು ಕೇಳಿದರು.)